ಹೆಸರು ಹೇಳದ ಶರಣಮ್ಮ
ಮಾನ್ವಿಯ ಶರಣಮ್ಮ ಗಂಡನ ಹೆಸರನ್ನು ನಾಲಿಗೆಗೆ ತಂದವಳೇ ಅಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಮುಖ ನೋಡುವಳು, ದವಾಖಾನೆಯಲ್ಲಿ ಕೇಳಿದರೆ ಕೊರಳ ಲಿಂಗ ಮುಟ್ಟಿ ತೋರಿಸುವಳು. ಗಂಡ ತೀರಿದ ಮೇಲೂ ಅದೇ ವ್ರತ. ಅವನ ಮುಖ, ದನಿ ಎಲ್ಲ ವಿಡಿಯೊಗಳಾಗಿ ಉಳಿದಿದ್ದ ಹಳೆಯ ಸ್ಟೋರೇಜ್ ಡಬ್ಬಿಯ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಒಬ್ಬಳೇ ರಾಯಚೂರಿಗೆ ಬಂದಳು. ರಿಪೇರಿ ಅಂಗಡಿಯ ಆನಂದ ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿ, ಅದರ ಸಣ್ಣ ತೂತಿನೊಳಗೆ ಪಿನ್ನು ಒತ್ತಿ, “ಪಾಸ್‌ವರ್ಡ್ ಅಳಸೀನಿ ಯವ್ವಾ. ಈಗ ಮಾಲೀಕರ ಹೆಸರು ಕೇಳಾಕತ್ತದ,” ಎಂದ. ಶರಣಮ್ಮ ಲಿಂಗ ಮುಟ್ಟಿದಳು. “ಲಿಂಗಪ್ಪ ಏನ್ರಿ?” ಎಂದು ಆನಂದ ಆ ಹೆಸರು ಟೈಪ್ ಮಾಡಿದ, ಡಬ್ಬಿಯ ಕೆಂಪು ದೀಪ ಹತ್ತಿತು. “ಇನ್ನೊಂದೇ ಸಲ ಅದ, ತಪ್ಪಿದ್ರ ಎಲ್ಲಾ ಮುಗೀತು. ಬಾಯಿ ಬಿಡ್ರಿ ಯವ್ವಾ!” ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, “ಶಂಭುಲಿಂಗಪ್ಪ,” ಎಂದಳು. ತೆರೆದುಕೊಂಡ ಮೊದಲ ವಿಡಿಯೊದಲ್ಲಿ ಗಂಡ ಕೈಮುಗಿದು ಕಾಡುತ್ತಿದ್ದ: “ಒಮ್ಮಿಯಾದ್ರೂ ನನ್ನ ಹೆಸರ ಹೇಳ ಬೇ, ಶರಣಿ!”