ಜರ್ಮನ್ ಡಬರಿಯ ರೊಟ್ಟಿ ಮಷೀನು

ಮೆತ್ತಗಿನ ಲೋಹವೆಂದರೆ ನನಗೆ ಮೊದಲಿನಿಂದಲೂ ತಲೆನೋವು. ಕಬ್ಬಿಣ ಜಗಳಾಡುತ್ತದೆ, ಆದರೆ ಕೊನೆಗೆ ಮಾತು ಕೇಳುತ್ತದೆ. ಶುದ್ಧ ಅಲ್ಯೂಮಿನಿಯಂ ಹಾಗಲ್ಲ, ಹೂಂ ಹೂಂ ಎನ್ನುತ್ತಲೇ ಕಟರಿಗೆ ಮೆತ್ತಿಕೊಳ್ಳುತ್ತದೆ. ರೋಣದ ನನ್ನ ಸಣ್ಣ ವರ್ಕ್‌ಶಾಪಿಗೆ ಬರುವುದೆಲ್ಲ ಪಂಪಿನ, ಟ್ರ್ಯಾಕ್ಟರಿನ, ಜೋಳ ಒಕ್ಕುವ ಮಷೀನಿನ ಕಬ್ಬಿಣದ ಕೆಲಸವೇ. ಹಾಗಾಗಿ ಖಾನಾವಳಿಯ ಅಕ್ಕ ಚೀಲದಿಂದ ಎರಡು ಅಗಲ ಅಲ್ಯೂಮಿನಿಯಂ ಬಿಲ್ಲೆ ತೆಗೆದು ಮುಂದಿಟ್ಟಾಗ ಮುಖ ಸಿಂಡರಿಸಿಕೊಂಡೆ.

ಬಸ್ ಸ್ಟ್ಯಾಂಡಿನ ಹತ್ತಿರ ಆಕೆಯ ಖಾನಾವಳಿ. ನಾನು ಮದುವೆಗೂ ಮುಂಚಿನಿಂದ ಅಲ್ಲಿ ಉಂಡವನು. ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಬಂದವರನ್ನೆಲ್ಲ ಚೇಷ್ಟೆ ಮಾಡುತ್ತಿದ್ದಳು. ಹೋದ ಮಳೆಗಾಲ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಕೈ ಮಾತ್ರ ಮೊದಲಿನಂತೆ ಮಡಚಲಿಲ್ಲ. ರೊಟ್ಟಿ ಬಡಿಯಲು ಬೇರೆಯವರು ಬಂದರು. ಮಕ್ಕಳು ಆಕೆಯನ್ನು ಗಲ್ಲಾ ಮೇಲೆ ಕೂರಿಸಿದರು.

“ಕುಂತು ಕುಂತು ಹುಚ್ಚ ಹಿಡ್ಯಾಕತ್ತೈತ್ರಿ ಅಣ್ಣಾರ,” ಎಂದಳು. “ಒತ್ತಿ ರೊಟ್ಟಿ ಮಾಡೂ ಮಷೀನ್ ಒಂದ್ ಮಾಡಿಕೊಡ್ರಿ. ನಾ ಒಲಿ ಮುಂದ ಕುಂಡ್ರಬೇಕ್ರಿ.”

ಅಂಗಡಿಯಲ್ಲಿ ಸಿಗುವವು ಪೂರಿ ಒತ್ತುವಷ್ಟು ಸಣ್ಣವು. ಆಕೆಗೆ ಜೋಳದ ರೊಟ್ಟಿಯ ಅಗಲ ಬೇಕಿತ್ತು.

“ಎರಕ ಎಲ್ಲಿ ಹೊಯ್ಸಿದ್ರಿ?”

“ಗಜೇಂದ್ರಗಡದಾಗ್ರಿ. ನಮ್ಮ ಖಾನಾವಳಿ ಹಳೇ ಜರ್ಮನ್ ಡಬರಿ, ಪರಾತ ಎಲ್ಲಾ ಕರಗಿಸೇನಿ. ಮಂದೀ ಗುಜರಿ ಒಂದ್ ಚೂರೂ ಹಾಕ್ಸಿಲ್ಲ.”

ಅಲ್ಯೂಮಿನಿಯಂ ಪಾತ್ರೆಗೆ ನಮ್ಮ ಕಡೆ ಜರ್ಮನ್ ಪಾತ್ರೆ ಎನ್ನುತ್ತಾರೆ. ಅಡಿಗೆಯ ವಸ್ತುವಿಗೆ ಮನೆಯ ಪಾತ್ರೆಯೇ ಆಗಬೇಕು, ಗಾಡಿಯ ಸಾಮಾನು ಬೆರೆಯಬಾರದು ಎಂಬ ಮಡಿ ಆಕೆಯದು. ಒಂದಿಷ್ಟು ಗಾಡಿಯ ಹಳೆಯ ಪಿಸ್ಟನ್ ಬೆರೆತಿದ್ದರೆ ಲೋಹ ಗಡುಸಾಗಿ ಚೊಕ್ಕ ಕತ್ತರಿಸುತ್ತಿತ್ತು. ಬರೀ ಡಬರಿ ಕರಗಿಸಿದ್ದು ಬೆಣ್ಣೆಯಂತೆ ಮೆತ್ತಗಿತ್ತು. ಬಿಲ್ಲೆಗಳೂ ತೆಳು. ಕೆಟ್ಟರೆ ಮತ್ತೆ ಕರಗಿಸಲು ಹಳೆಯ ಪಾತ್ರೆ ಒಂದೂ ಉಳಿದಿರಲಿಲ್ಲ.

ಮೈ ಸಪಾಟು ಮಾಡಲು ಮೊದಲ ಬಿಲ್ಲೆಯನ್ನು ಮಿಲ್ಲಿಂಗ್ ಮಷೀನಿಗೆ ಬಿಗಿದು, ರೂಢಿಯಂತೆ ಕಬ್ಬಿಣಕ್ಕೆ ಹಾಕುವ ಕಟರನ್ನೇ ಹಾಕಿ ಸಾವಕಾಶ ಓಡಿಸಿದೆ. ಗೇಣುದ್ದ ಹೋಗುವಷ್ಟರಲ್ಲಿ ಚೂರೆಲ್ಲ ಕಟರಿನ ಹಲ್ಲುಗಳ ಸಂದಿಯಲ್ಲಿ ತುಂಬಿ ಗಟ್ಟಿಯಾಗಿ ಅಂಟಿಕೊಂಡಿತು. ಕಟರ್ ಕತ್ತರಿಸುವುದು ಬಿಟ್ಟು ಉಜ್ಜತೊಡಗಿತು. ಬಿಲ್ಲೆಯ ಮೈ ಹರಿದು ತರಿತರಿಯಾಯಿತು. ಅಂಥದ್ದರ ಮೇಲೆ ಹಿಟ್ಟು ಒತ್ತಿದರೆ ಎದ್ದು ಬರುವುದುಂಟೇ?

“ಎರಡ ಪಿಸ್ಟನ್ ಹಾಕಿಸಿದ್ರ ನಿಮ್ದೇನ್ ಗಂಟ ಹೋಗ್ತಿತ್ತ್ರಿ?” ಎಂದು ಪಕ್ಕದಲ್ಲೇ ನಿಂತಿದ್ದ ಆಕೆಗೆ ಗದರಿದೆ.

ಯಾವಾಗಲೂ ಒಂದಕ್ಕೆರಡು ಆಡುವ ಹೆಂಗಸು, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಹರಿದ ಜಾಗವನ್ನೇ ನೋಡುತ್ತ ನಿಂತಳು. ನನ್ನ ಸಿಟ್ಟೆಲ್ಲ ಇಳಿಯಿತು.

ಎರಡೇ ಹಲ್ಲಿನ ಹರಿತವಾದ ಹೊಸ ಕಟರ್ ಹುಡುಕಿ ಹಾಕಿದೆ, ವೇಗ ಏರಿಸಿದೆ. ಅಂಟದಿರಲೆಂದು ಸೀಮೆಎಣ್ಣೆಯ ಡಬ್ಬಿ ಎತ್ತಿದ್ದೇ ತಡ, ಆಕೆಗೆ ಬಾಯಿ ಬಂತು.

“ಚಿಮಣಿ ಎಣ್ಣಿ ಬ್ಯಾಡ್ರಿ! ಉಣ್ಣೂದಕ್ಕ ಅದು.”

“ತೊಳದ್ರ ಹೋಗ್ತೈತ್ರಿ ಅಕ್ಕಾರ.”

“ವಾಸನಿ ಹೋಗೂದಿಲ್ರಿ.”

“ಹಂಗಾರ ಒಗ್ಗರಣಿ ಎಣ್ಣಿ ತರ್ರಿ, ಹೋಗ್ರಿ!”

ಸಿಟ್ಟಿನಲ್ಲಿ ಅಂದದ್ದನ್ನು ಆಕೆ ಖರೇ ಮಾಡಿ, ಖಾನಾವಳಿಯಿಂದ ಕುಸುಬಿ ಎಣ್ಣೆಯ ಬಾಟಲಿ ತಂದೇಬಿಟ್ಟಳು. ಬೇರೆ ದಾರಿಯಿಲ್ಲದೆ ಅದನ್ನೇ ಕುಂಚದಿಂದ ಸವರಿದೆ. ನೋಡಿದರೆ ಚೂರು ಅಂಟದೆ ಸುರುಳಿ ಸುರುಳಿಯಾಗಿ ಸಿಡಿದು ಬೀಳತೊಡಗಿತು. ವರ್ಕ್‌ಶಾಪಿನ ತುಂಬ ಬಜಿ ಕರಿದ ವಾಸನೆ. ಪಕ್ಕದ ಪಂಕ್ಚರ್ ಅಂಗಡಿಯವನು ಹಣಿಕಿ ಹಾಕಿ, “ನನಗೂ ಎರಡ ಮಿರ್ಚಿ ಬಿಡ್ರಿ,” ಎಂದ.

ಹರಿದ ಜಾಗ ಪೂರ್ತಿ ಹೋಗಬೇಕಾದರೆ ಇನ್ನೊಂದು ಪದರ ತೆಗೆಯಬೇಕಿತ್ತು. ಹೆಚ್ಚು ತೆಗೆದರೆ ಬಿಲ್ಲೆ ಒತ್ತಿದಾಗ ಬಾಗುತ್ತದೆ. ಕಟರನ್ನು ಕಾಗದದಷ್ಟೇ ಇಳಿಸಿ ಉಸಿರು ಬಿಗಿಹಿಡಿದು ನಡೆಸಿದೆ. ಅದು ಆಚೆ ದಾಟಿದಾಗ ಬಿಲ್ಲೆ ನುಣ್ಣಗೆ ಹೊಳೆಯುತ್ತಿತ್ತು. ಆಕೆ ಅದರ ಮೇಲೆ ಎಡಗೈ ಆಡಿಸಿ, “ಚಲೋ ಆತ್ರಿ,” ಎಂದಳು, ಅಷ್ಟೇ.

ಎರಡನೆಯ ಬಿಲ್ಲೆ ತಕರಾರು ಮಾಡಲಿಲ್ಲ. ಬಿಜಾಗರಿಯ ಕೀಲು, ಹಿಡಿಕೆ ಕೂಡಿಸಿ ಮಷೀನು ಮುಟ್ಟಿಸಿದ ಮರುದಿನ ಮಧ್ಯಾಹ್ನ ಊಟಕ್ಕೆ ಹೋದೆ. ಆಕೆ ಒಲೆಯ ಮುಂದೆ ಇದ್ದಳು! ಹಿಟ್ಟಿನ ಉಂಡೆ ಇಟ್ಟು ಎಡಗೈಯಿಂದ ಹಿಡಿಕೆ ಒತ್ತಿ ಮೇಲೆತ್ತಿದಳು. ರೊಟ್ಟಿ ಎಲ್ಲಿಯೂ ಅಂಟದೆ, ಒಂದೇ ಸಮನಾಗಿ ಎದ್ದು ಬಂತು. ನಾನು ಕೂತಲ್ಲೇ ಉಬ್ಬಿದೆ. ಆದರೆ ಆಕೆ ಅದನ್ನು ಹಂಚಿಗೆ ಹಾಕಲಿಲ್ಲ. ಹಿಟ್ಟು ನಾದುವ ಕೊಣಮಿಗೆಯಲ್ಲಿಟ್ಟು, ಮಡಚದ ಆ ಬಲಗೈಯಿಂದಲೇ ತಪ್ಪ ತಪ್ಪ ಬಡಿದಳು. ನನ್ನ ನುಣುಪೆಲ್ಲ ಮಣ್ಣುಪಾಲಾಯಿತು.

“ಅಷ್ಟ ಚಂದ ಮಾಡಿಕೊಟ್ಟೀನಿ, ಅದನ್ಯಾಕ ಕೆಡಸ್ತೀರಿ?” ಎಂದೆ.

“ಬರೇ ಒತ್ತಿದ್ರ ಅದು ಮಷೀನಿನ ರೊಟ್ಟಿ ಆತ್ರಿ ಅಣ್ಣಾರ,” ಎಂದಳು. “ನಾ ಬಡದ್ರನ ನಂದು.”

ತಾಟಿಗೆ ಬಂದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚೆಲ್ಲ ಬಿರುಕು. ಇಷ್ಟು ವರ್ಷಗಳಲ್ಲಿ ಆ ಖಾನಾವಳಿಯಲ್ಲಿ ಅಂಥ ಸೊಟ್ಟ ರೊಟ್ಟಿ ನಾನು ಉಂಡಿರಲಿಲ್ಲ. ಒಂದು ಚೂರೂ ಬಿಡದೆ ಮುಗಿಸಿದೆ. ಇನ್ನೊಂದು ಹಾಕಲೆಂದು ತಾಟು ಮುಂದೆ ಮಾಡಿದೆ.