ಯಜಮಾನ್ರೇ ಬ್ಲೂಸ್

ಗೌರಕ್ಕನ ಹಾಡಿಗೆ ಗಿಟಾರ್ ನುಡಿಸುವುದೆಂದರೆ ತಲೆ ಚಿಟ್ಟು ಹಿಡಿಯುವ ಕೆಲಸ. ಇಲ್ಲಿ ಅಮೆರಿಕದಲ್ಲಿ ಅವಳು ವಾರವೆಲ್ಲ ಈಸ್ಟ್‌ಗೇಟ್‌ನ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಶನಿವಾರ ವುಡಿನ್‌ವಿಲ್‌ನ ವೈನರಿಗಳಲ್ಲಿ ಸೋಲ್ ಮತ್ತು ಬ್ಲೂಸ್ ಎಂಬ ಪ್ರೀತಿ-ವಿರಹದ ಹಾಡುಗಳನ್ನು ಹಾಡುತ್ತಾಳೆ. ವೈನ್ ಮುಟ್ಟುವುದಿಲ್ಲ, ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ. ಮೈಕ್ ಇಟ್ಟ ಅಮೆರಿಕದವನಿಗೆ "ಇಷ್ಟ್ ಮ್ಯಾಲ ಯಾಕಿಟ್ಟಿ, ಇಳಸೋ" ಎಂದು ಅಚ್ಚ ಬಾಗಲಕೋಟೆ ಕನ್ನಡದಲ್ಲೇ ಗದರುತ್ತಾಳೆ. ಪಾಪ, ಅವನು ಇಳಿಸುತ್ತಾನೆ. ಕಂಠ ಮಾತ್ರ ಅಪ್ಪಟ. ಮೊದಲ ಸಾಲಿಗೇ ಕುಡಿಯುವವರ ಲೋಟ ಅರ್ಧದಲ್ಲಿ ನಿಲ್ಲುತ್ತದೆ. ಆದರೆ ನಲ್ಲನನ್ನು ಸಾಲಿಗೊಮ್ಮೆ 'ಬೇಬಿ' ಎಂದು ಕರೆಯುವ ಈ ಇಂಗ್ಲಿಷ್ ಹಾಡುಗಳಲ್ಲಿ ಆ ಪದ ಬಂದಲ್ಲೆಲ್ಲ 'ಯಜಮಾನ್ರೇ' ಎಂದು ಹಾಡುತ್ತಾಳಲ್ಲ, ಅದನ್ನು ಹೇಗೆ ಸಹಿಸುವುದು? ಎರಡಕ್ಷರದ ಜಾಗಕ್ಕೆ ನಾಲ್ಕಕ್ಷರ ತುರುಕಿ ತಾಳ ಕೆಡಿಸುತ್ತಾಳೆ. ಅದೂ ಬ್ಲೂಸ್‌ನದೇ ಪದವೆಂದು ನಂಬಿದ ಮಂದಿ "ಯಜ್ಮಾನ್ರೇ" ಎಂದು ಜೊತೆಗೆ ಕೂಗುತ್ತಾರೆ. "ಅಕ್ಕಾ, ಬೇಬಿ ಅಂದ್ರೆ ಏನಾಗುತ್ತೆ?" ಎಂದರೆ "ನೀ ಬಾರ್ಸೋ ತಮ್ಮಾ" ಎನ್ನುತ್ತಾಳೆ. ಎಂಥಾ ಮಡಿವಂತಿಕೆಯಪ್ಪ ಎಂದುಕೊಂಡಿದ್ದೆ. ಮೊನ್ನೆ ಸ್ಪೀಕರ್‌ಗಳನ್ನು ಕಾರಿಗೆ ಏರಿಸುವಾಗ ಅವಳ ಗಂಡ ಸಂಗನಬಸಪ್ಪನವರು ಮೆಲ್ಲಗೆ ಹೇಳಿದರು: "ನಮ್ಮ ಕೂಸು ಹೆಸರಿಡೂದಕ್ಕಿಂತ ಮೊದ್ಲ ಹೋತಪಾ. ದವಾಖಾನ್ಯಾಗ ನರ್ಸ್‌ಗಳು ಬೇಬಿ, ಬೇಬಿ ಅಂತ ಕರೀತಿದ್ರು. ಅದಕ್ಕ ಇದ್ದದ್ದು ಅದೊಂದ ಹೆಸರು." ಈಗಲೂ 'ಯಜಮಾನ್ರೇ' ಬಂದಾಗ ತಾಳ ಕೆಡುತ್ತದೆ. ನಾನು ಗೊಣಗಿಕೊಂಡೇ ತಂತಿಗಳ ಮೇಲೆ ಕೈಯಿಟ್ಟು ನಾದ ತಡೆದು, ಆ ನಾಲ್ಕಕ್ಷರಕ್ಕೆ ಜಾಗ ಬಿಡುತ್ತೇನೆ.