ಅಧ್ಯಕ್ಷರ ಉಪವಾಸ, ಮಾವನ ಹೊಟ್ಟೆ

ಕಳೆದ ಶುಕ್ರವಾರ ನಮ್ಮ ಮಾವ ಬೇರೆಯವರ ಉಪವಾಸ ಮಾಡಿ ತಲೆ ತಿರುಗಿ ಬಿದ್ದರು.

ನಗಬೇಡಿ. ಉಪವಾಸವನ್ನೂ ಇನ್ನೊಬ್ಬರ ಬದಲಿಗೆ ಮಾಡಬಹುದೇ ಎಂದು ಕೇಳುತ್ತೀರಾ? ನಾವಿರುವ ದಹಿಸರ್‌ನಲ್ಲಿ ಮಾಡಬಹುದು. ಚುನಾವಣೆ ಗೆಲ್ಲಬೇಕಿದ್ದರೆ ಏನನ್ನೂ ಮಾಡಬಹುದು.

ನಮ್ಮ ಬಿಲ್ಡಿಂಗಿನ ಪಕ್ಕದಲ್ಲೇ ಒಂದು ಕನ್ನಡ ಸಂಘ ಇದೆ. ಹೆಚ್ಚಿನವರು ಉಡುಪಿ ಕಡೆಯವರು. ಅಲ್ಲಿ ಹಿಂದಿನಿಂದ ಬಂದ ಪದ್ಧತಿ ಒಂದುಂಟು. ನವರಾತ್ರಿಯಲ್ಲಿ ಕಲಶ ಇಟ್ಟಾಗ ಸಂಕಲ್ಪಕ್ಕೆ ಅಧ್ಯಕ್ಷರೇ ಕೂರಬೇಕು. ಕೂತವರಿಗೆ ಹಬ್ಬ ಮುಗಿಯುವವರೆಗೆ ಒಂದೇ ಹೊತ್ತಿನ ಊಟ, ಅದೂ ಸಂಜೆ ಮಂಗಳಾರತಿ ಆದ ಮೇಲೆ. ಮೀನು, ಮಾಂಸ, ಮದ್ಯದ ಮಾತೇ ಇಲ್ಲ. ಈ ಪದ್ಧತಿಗೆ ನಮ್ಮ ಮಾವನೇ ಕಾವಲು. ಹಿಂದೊಬ್ಬ ಅಧ್ಯಕ್ಷರು ಮಂಗಳಾರತಿಗೆ ಮುಂಚೆ ವಡಾಪಾವ್ ತಿಂದರೆಂದು ವರ್ಷವಿಡೀ ಅವರ ಜೊತೆ ಮಾತು ಬಿಟ್ಟವರು ಇವರು!

ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತವರು ಇಬ್ಬರು. ಹೊಸಬರ ಪ್ಯಾನೆಲಿನಿಂದ ಸುಮತಿ ಅಕ್ಕ, ರಿಟೈರ್ಡ್ ಟೀಚರ್. ಯಾರೂ ಹೇಳದಿದ್ದರೂ ಪ್ರತಿ ನವರಾತ್ರಿಗೆ ಮನೆಯಲ್ಲೇ ವ್ರತ ಹಿಡಿಯುವವರು. ಹಳಬರ ಪ್ಯಾನೆಲಿನಿಂದ, ಅಂದರೆ ಮಡಿ, ಸಂಪ್ರದಾಯ, ಸಂಸ್ಕೃತಿ ಎಂದು ದಿನಕ್ಕೆ ನಾಲ್ಕು ಸಲ ಹೇಳುವ ಮಾವನ ಪ್ಯಾನೆಲಿನಿಂದ, ಜಯಕರ. ಬಾರ್ ಆಂಡ್ ರೆಸ್ಟೋರೆಂಟ್ ಮಾಲಕ. (ಬಾರ್ ನಡೆಸುವುದು ತಪ್ಪಲ್ಲ. ಆದರೆ ಅಲ್ಲಿಯ ದೊಡ್ಡ ಗಿರಾಕಿಯೂ ಇವನೇ.) ಭಜನೆಗೆ ಒಂದು ದಿನವೂ ತಲೆ ಹಾಕಿದವನಲ್ಲ. ಕೋಳಿ ಸುಕ್ಕ ಇಲ್ಲದೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಎಂದು ಸಂಘದ ಸ್ಟೇಜಿನ ಮೇಲೆಯೇ ಹೇಳಿಕೊಂಡವನು.

ಚುನಾವಣೆ ಹತ್ತಿರ ಬಂದಾಗ ನಮ್ಮ ಮನೆಯಲ್ಲಿ ಹಳಬರ ಮೀಟಿಂಗ್. ಚಾ ಮಾಡುವ ಡ್ಯೂಟಿ ನನ್ನದು.

"ಈ ಜಯಕರನಿಗೆ ಹೇಗೆ ವೋಟು ಹಾಕುದು ಮಾರಾಯ್ರೆ? ಕಲಶದ ಎದುರು ಕೂರ್ಲಿಕ್ಕುಂಟಲ್ಲ!" ಮಾವನ ಸಂಕಟ ನಾಟಕವಲ್ಲ. ಪಾಪ, ನಿಜವಾಗಿಯೂ ಒದ್ದಾಡಿದರು.

"ಬೇರೆ ಎಂತ ಉಪಾಯ ಉಂಟು ವಾಸಣ್ಣ? ಇವ ಬೇಡ ಅಂದ್ರೆ ಆ ಪ್ಯಾನೆಲ್ ಬರ್ತದೆ," ಎಂದರು ಅವರ ಸ್ನೇಹಿತರೊಬ್ಬರು.

ನಾನು ತಡೆಯಲಾರದೆ ಕೇಳಿದೆ. "ಸುಮತಿ ಅಕ್ಕ ಬಂದ್ರೆ ವ್ರತ ಸರಿಯಾಗಿ ಆಗ್ತದಲ್ಲ ಮಾವ?"

ಚಾಕ್ಕೆ ಉಪ್ಪು ಹಾಕಿ ಕೊಟ್ಟವಳನ್ನು ನೋಡುವಂತೆ ಎಲ್ಲರೂ ನನ್ನನ್ನು ನೋಡಿದರು. "ಹೆಂಗಸು ಸಂಕಲ್ಪಕ್ಕೆ ಕೂರುದಾ?" (ಕಲಶದಲ್ಲಿ ಕೂರುವವಳು ದೇವಿ. ಎದುರಿಗೆ ಮಾತ್ರ ಹೆಂಗಸು ಆಗುವುದಿಲ್ಲ!)

ಕೊನೆಗೆ ದಾರಿ ತೋರಿಸಿದ್ದು ಸ್ವತಃ ಜಯಕರ. ಮನೆಗೇ ಬಂದು ಸೋಫಾದಲ್ಲಿ ಒರಗಿ ಹೇಳಿದ, "ಟೆನ್ಷನ್ ಯಾಕೆ ವಾಸಣ್ಣ? ಅಧ್ಯಕ್ಷ ನಾನಾಗ್ತೇನೆ. ಉಪವಾಸ ನೀವು ಸಂಭಾಳಿಸಿ. ಸಿಂಪಲ್!"

ಮಾವನ ಮುಖ ಅರಳಿತು. ಪದ್ಧತಿ ಉಳಿಯಿತು, ಪ್ಯಾನೆಲ್ಲೂ ಉಳಿಯಿತು. ನನಗೆ ಮೈಯೆಲ್ಲ ಉರಿಯಿತು. ಮಾವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಪರೇಲಿನ ಡಾಕ್ಟರು ಗದರಿಸಿ ಕಳಿಸಿದ್ದಾರೆ. ಅಲ್ಲಿ ಕೂತು ಚಾ ಕುಡಿದವರಿಗೆಲ್ಲ ಇದು ಗೊತ್ತು. ಒಬ್ಬರಾದರೂ ಬೇಡ ಅನ್ನಬೇಕಲ್ಲ? ಊಹೂಂ.

ದಹಿಸರ್‌ನವರನ್ನು ಮಾತ್ರ ಬಯ್ದು ಏನು ಪ್ರಯೋಜನ? ಟಿವಿಯಲ್ಲಿ ನೋಡುವುದಿಲ್ಲವೇ, ದೊಡ್ಡ ದೊಡ್ಡ ದೇಶಗಳಲ್ಲೂ ಇದೇ ಕಥೆ. ದೇವರು, ಸಂಸಾರ, ಮರ್ಯಾದೆ ಎನ್ನುವವರು ಈ ಮೂರಕ್ಕೂ ಸಂಬಂಧವಿಲ್ಲದವನನ್ನು ಅಧ್ಯಕ್ಷನನ್ನಾಗಿ ಮಾಡುತ್ತಾರೆ. ಕೇಳಿದರೆ, ಮನಸ್ಸಿಲ್ಲದ ಮನಸ್ಸಿನಿಂದ ವೋಟು ಹಾಕಿದೆವು ಎನ್ನುತ್ತಾರೆ. ಮನಸ್ಸಿದ್ದು ಹಾಕಿದ ವೋಟು, ಇಲ್ಲದೆ ಹಾಕಿದ ವೋಟು ಎಂದು ಯಾರಾದರೂ ಬೇರೆ ಬೇರೆ ಎಣಿಸುತ್ತಾರೆಯೇ?

ಜಯಕರ ಗೆದ್ದ. ನವರಾತ್ರಿಯ ಮೊದಲ ದಿನ ರೇಷ್ಮೆ ಪಂಚೆಯುಟ್ಟು ಕಲಶದ ಪಕ್ಕ ನಿಂತು ಫೋಟೋ ತೆಗೆಸಿಕೊಂಡ, ಹೋದ. ಮಣೆಯ ಮೇಲೆ ಮಾವ ಕೂತರು. ನಾನು ಬೇಡವೆಂದು ಕಣ್ಣೀರು ಹಾಕಿದೆ, ಜಗಳ ಮಾಡಿದೆ. ನಮ್ಮವರು, "ಅಪ್ಪನಿಗೆ ಹೇಳಿ ಪ್ರಯೋಜನ ಇಲ್ಲ," ಎಂದು ಪೇಪರ್ ಓದಿದರು.

ಶುಕ್ರವಾರ ಸಂಜೆ ಭಜನೆಯ ನಡುವೆ ಮಾವ ಬೆವರಿ, ಬಿಳಿಚಿಕೊಂಡು, ಮಣೆಯಿಂದ ಪಕ್ಕಕ್ಕೆ ವಾಲಿದರು. ಹಳಬರೆಲ್ಲ "ನೀರು, ನೀರು" ಎಂದು ಕೂಗಿದರು, ಯಾರೂ ತರಲಿಲ್ಲ. ಹಾಡುತ್ತಿದ್ದ ಸುಮತಿ ಅಕ್ಕ ತಾಳ ಕೆಳಗಿಟ್ಟು ಓಡಿದರು. ಒಳಗಿನಿಂದ ಬೆಲ್ಲ ತಂದು ನೀರಲ್ಲಿ ಕದಡಿ, ಮಾವನ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ತಾವೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ನಾನು ಸಿಟ್ಟಿನಲ್ಲಿ ಅಧ್ಯಕ್ಷರಿಗೆ ಫೋನ್ ಹಚ್ಚಿದೆ. ಆ ಕಡೆ ಗ್ಲಾಸಿನ ಸದ್ದು, ಜೋರು ಹಾಡು. "ಅರೇ, ಹೌದಾ? ನಾಳೆ ಬಂದು ನೋಡ್ತೇನೆ. ಸಂಕಲ್ಪ ಕಟ್ ಆಗ್ಲಿಲ್ಲ ಅಲ್ವಾ?"

ಮಾವ ಮೆಲ್ಲಗೆ ಕಣ್ಣು ಬಿಟ್ಟರು. ಮುಖಕ್ಕೆ ಕಳೆ ಬಂತು. ಜೀವ ಬಂದಂತಾಗಿ ನಾನು ಅತ್ತುಬಿಟ್ಟೆ. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ, "ಇಷ್ಟೆಲ್ಲ ಆದ್ಮೇಲೆ ಹೇಳಿ ಮಾವ, ಮುಂದಿನ ಸಲ ವೋಟು ಯಾರಿಗೆ?"

ಸುಮತಿ ಅಕ್ಕ ಹಿಡಿದಿದ್ದ ಲೋಟದಿಂದ ಇನ್ನೊಂದು ಗುಟುಕು ಕುಡಿದು, ಅವರ ಮುಖವನ್ನೇ ನೋಡುತ್ತಾ ಮಾವ ಹೇಳಿದರು:

"ಜಯಕರನಿಗೇ. ಬೇರೆ ಯಾರಿದ್ದಾರೆ ಮಾರಾಯ್ತಿ?"